ಚೆಂಡು ಇಲ್ಲದ ಕಡೆ ನೋಡುವ ಕೆಲಸ

ಬೆಳಗಿನ ಆರೂವರೆ. ಬಳ್ಳಾರಿಯಲ್ಲಿ ಗಾಳಿ ಸ್ವಲ್ಪ ತಣ್ಣಗಿರುವುದು ಆ ಒಂದು ಹೊತ್ತಿನಲ್ಲಿ ಮಾತ್ರ. ನಮ್ಮ ಮಾಮ ಚಹಾದ ಲೋಟ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. ಟಿವಿಯಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಅಮೆರಿಕದಲ್ಲಿ ರಾತ್ರಿ ನಡೆಯುವ ಆಟ ನಮಗೆ ಬರುವುದು ಚಹಾದ ಹೊತ್ತಿಗೆ. ಆಗಷ್ಟೇ ಅರ್ಧ ಪಂದ್ಯ ಮುಗಿದಿತ್ತು. ಪರದೆಯ ಮೇಲೆ ಆಟ ಇರಲಿಲ್ಲ. ಸೂಟು ತೊಟ್ಟ ನಾಲ್ಕು ಜನ ಉದ್ದನೆಯ ಮೇಜಿನ ಹಿಂದೆ ಕೂತು ಜೋರಾಗಿ ನಗುತ್ತಿದ್ದರು.

"ಇವರು ಯಾರಲೇ?"

"ಹಳೇ ಆಟಗಾರರು ಮಾಮ. ಆ ತುದಿಗೆ ಬೆಟ್ಟದಂಗೆ ಕೂತವರು ಶಕೀಲ್ ಓನೀಲ್. ಅವರ ಪಕ್ಕ ಚಾರ್ಲ್ಸ್ ಬಾರ್ಕ್ಲಿ."

ಮಾಮ ಒಂದು ಗುಟುಕು ಕುಡಿದರು. "ಅಲ್ಲಲೇ, ಆಟ ನಾವ ನೋಡಿದ್ವಿ. ಮತ್ತ ಇವರು ಹೇಳೋದೇನು?"

ಕೇಳಿದರೆ ಸಣ್ಣ ಪ್ರಶ್ನೆ. ಉತ್ತರ ಹೇಳಲು ಹೋದರೆ ಅಷ್ಟು ಸುಲಭವಲ್ಲ. ಕ್ರಿಕೆಟ್‌ನಲ್ಲಿ ನಮಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಒಂದು ಎಸೆತಕ್ಕೂ ಇನ್ನೊಂದು ಎಸೆತಕ್ಕೂ ನಡುವೆ ಬೇಕಾದಷ್ಟು ಬಿಡುವಿದೆ. ಆ ಬಿಡುವಿನಲ್ಲಿ ಯಾರಾದರೂ ಮಾತಾಡಲೇಬೇಕು. ಕನ್ನಡದಲ್ಲಿ ಐಪಿಎಲ್ ನೋಡುವಾಗ ವಿಜಯ್ ಭಾರದ್ವಾಜ್ ಅವರ ದನಿ ಕೇಳಿದರೆ ನಮಗೆ ಏನೂ ವಿಚಿತ್ರ ಅನಿಸುವುದಿಲ್ಲ. 1999ರಲ್ಲಿ ಭಾರತದ ಪರ ಆಡಿದವರು, ಹೇಳಲಿ ಬಿಡು ಅನ್ನುತ್ತೇವೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಬಿಡುವೇ ಇಲ್ಲ. ಆಟ ಓಡುತ್ತಲೇ ಇರುತ್ತದೆ. ಹಾಗಿದ್ದ ಮೇಲೆ ಹೇಳಲು ಜಾಗ ಎಲ್ಲಿದೆ, ಹೇಳುವುದಾದರೂ ಏನು?

ಮೊದಲು ಆ ಮೇಜಿನ ಹಿಂದೆ ಕೂತವರನ್ನು ಪರಿಚಯ ಮಾಡಿಕೊಳ್ಳೋಣ. ಬಾರ್ಕ್ಲಿ 1984ರಿಂದ 2000ದವರೆಗೆ 16 ಸೀಸನ್ ಆಡಿದವರು. ಫಿಲಡೆಲ್ಫಿಯಾ, ಫೀನಿಕ್ಸ್, ಹ್ಯೂಸ್ಟನ್, ಹೀಗೆ ಮೂರು ತಂಡ. 1993ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ. 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ. ಆದರೆ ಎನ್‌ಬಿಎ ಚಾಂಪಿಯನ್‌ಶಿಪ್ ಕಪ್ ಮಾತ್ರ ಒಂದು ಸಲವೂ ಕೈಗೆ ಸಿಗಲಿಲ್ಲ. ಪಕ್ಕದಲ್ಲಿ ಕೂತ ಓನೀಲ್‌ಗೆ ನಾಲ್ಕು ಕಪ್. ಇನ್ನೊಬ್ಬರು ಕೆನ್ನಿ ಸ್ಮಿತ್, ಹ್ಯೂಸ್ಟನ್ ತಂಡದಲ್ಲಿ 1994 ಮತ್ತು 1995ರಲ್ಲಿ ಎರಡು ಕಪ್ ಗೆದ್ದವರು. ಆ ಮೇಜಿನ ಮೇಲಿನ ಅರ್ಧ ಜಗಳ ಈ ಕಪ್ಪಿನ ಲೆಕ್ಕದ ಮೇಲೆಯೇ ನಡೆಯುತ್ತದೆ. ಬಾರ್ಕ್ಲಿ ಏನಾದರೂ ಟೀಕೆ ಮಾಡಿದರೆ ಸಾಕು, ನಿನ್ನ ಕಪ್ ಎಲ್ಲಿದೆ ಅಂತ ಓನೀಲ್ ಕಾಲೆಳೆಯುತ್ತಾರೆ. ಬಾರ್ಕ್ಲಿಯೂ ಸುಮ್ನೆ ಇರುವವರಲ್ಲ. ಓನೀಲ್ ಫ್ರೀ ಥ್ರೋ ಹಾಕುವುದರಲ್ಲಿ ಎಷ್ಟು ದುರ್ಬಲರಾಗಿದ್ದರು ಅನ್ನುವುದು ಊರಿಗೆಲ್ಲ ಗೊತ್ತು. ಯಾರೂ ಅಡ್ಡ ಬರದ, ಸುಮ್ಮನೆ ನಿಂತು ಹಾಕುವ ಎಸೆತ ಅದು. ಅದರಲ್ಲಿ ಅವರು ನೂರಕ್ಕೆ ಸುಮಾರು 53 ಮಾತ್ರ ಹಾಕಿದವರು.

ನಾಲ್ಕನೆಯವರು ಅರ್ನಿ ಜಾನ್ಸನ್. ಅವರು ಎನ್‌ಬಿಎ ಆಟಗಾರರಲ್ಲ. ಅವರ ಕೆಲಸ ಏನು ಅಂತ ಮಾಮನಿಗೆ ಹೇಳುವಾಗ ನನಗೆ ನೆನಪಾಗಿದ್ದು ದೊಡ್ಡಾಟ. ನಮ್ಮ ಕಡೆ ಬಯಲಾಟ ನೋಡಿದವರಿಗೆ ಸಾರಥಿ ಗೊತ್ತು. ಪಾತ್ರಧಾರಿ ಕುಣಿದುಕೊಂಡು ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರಾಗುತ್ತಾನೆ. ತಾವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು ಅಂತ ಕೇಳುತ್ತಾನೆ. ಅವನಿಗೆ ಗೊತ್ತಿಲ್ಲದೆ ಕೇಳುವುದಲ್ಲ. ಕೂತ ಜನಕ್ಕೆ ಗೊತ್ತಾಗಲಿ ಅಂತ ಕೇಳುವುದು. ಜಾನ್ಸನ್ ಆ ಸಾರಥಿ. ಆತ ಸರಿಯಾದ ಪ್ರಶ್ನೆ ಕೇಳದಿದ್ದರೆ ಉಳಿದ ಮೂವರಿಗೆ ಪದವೂ ಇಲ್ಲ, ಮಾತೂ ಇಲ್ಲ. ಈ ಕಾರ್ಯಕ್ರಮದ ಹೆಸರು 'ಇನ್‌ಸೈಡ್ ದ ಎನ್‌ಬಿಎ'. ಅಟ್ಲಾಂಟಾದ ಸ್ಟುಡಿಯೋದಲ್ಲಿ ತಯಾರಾಗುತ್ತದೆ. ಬಾರ್ಕ್ಲಿ ಅಲ್ಲಿಗೆ ಬಂದಿದ್ದು 2000ದಲ್ಲಿ, ಆಟ ಬಿಟ್ಟ ವರ್ಷವೇ. ಓನೀಲ್ ಕೂಡ ಹಾಗೆಯೇ, 2011ರಲ್ಲಿ ನಿವೃತ್ತಿ, ಅದೇ ವರ್ಷ ಈ ಕುರ್ಚಿ. ಈಗ ಲೆಕ್ಕ ಹಾಕಿ. ಬಾರ್ಕ್ಲಿ ಆಡಿದ್ದಕ್ಕಿಂತ ಜಾಸ್ತಿ ವರ್ಷ ಮಾತಾಡಿದ್ದಾರೆ. ಇಂದಿನ ಎಷ್ಟೋ ಹುಡುಗರಿಗೆ ಅವರು ಆಡುತ್ತಿದ್ದರು ಅನ್ನುವುದೇ ಸುದ್ದಿ.

ಇದು ಸ್ಟುಡಿಯೋ ಕೆಲಸ. ಇದಕ್ಕಿಂತ ಬೇರೆಯಾದ ಇನ್ನೊಂದು ಕುರ್ಚಿ ಇದೆ. ಅದು ಅಂಕಣದ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಇಬ್ಬರು. ಒಬ್ಬರು ಆಟವನ್ನು ಹೇಳುತ್ತಾ ಹೋಗುವವರು: ಚೆಂಡು ಯಾರ ಕೈಲಿದೆ, ಯಾರು ಹಾಕಿದರು, ಸ್ಕೋರ್ ಎಷ್ಟು. ಇನ್ನೊಬ್ಬರು ಬಿಡಿಸಿ ಹೇಳುವವರು: ಅದು ಯಾಕಾಯಿತು. ಈ ಎರಡನೇ ಕುರ್ಚಿಯಲ್ಲಿ ಸಾಮಾನ್ಯವಾಗಿ ಮಾಜಿ ಆಟಗಾರರೋ ಮಾಜಿ ಕೋಚೋ ಕೂರುತ್ತಾರೆ. ನನ್ನ ಪ್ರಕಾರ ಇಡೀ ಟಿವಿ ಕೆಲಸದಲ್ಲಿ ಕಷ್ಟದ ಕುರ್ಚಿ ಇದೇ. ಸ್ಟುಡಿಯೋದಲ್ಲಿ ಜೋಕು ಹೊಡೆದು ಪಾರಾಗಬಹುದು. ಇಲ್ಲಿ ಆಗುವುದಿಲ್ಲ.

ಯಾಕೆ ಅಂದರೆ ಗಡಿಯಾರ. ಎನ್‌ಬಿಎಯಲ್ಲಿ ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಹಾಕಲೇಬೇಕು. ಈ ನಿಯಮ ಬಂದಿದ್ದು 1954ರಲ್ಲಿ. ಅದಕ್ಕೂ ಮುಂಚೆ ಮುಂದಿದ್ದ ತಂಡ ಚೆಂಡನ್ನು ಅತ್ತಿಂದಿತ್ತ ಕೊಟ್ಟುಕೊಂಡು ಹೊತ್ತು ಕಳೆಯುತ್ತಿತ್ತು. 1950ರ ನವೆಂಬರ್‌ನಲ್ಲಿ ಒಂದು ಪಂದ್ಯ 19-18ಕ್ಕೆ ಮುಗಿದಿತ್ತು! ಜನ ದುಡ್ಡು ಕೊಟ್ಟು ಬಂದು ಆಕಳಿಸಿ ಹೋದರು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಒಂದು ಲೆಕ್ಕ ಹಾಕಿದರು. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡು. ಚೆನ್ನಾಗಿ ನಡೆಯುವ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ. ಭಾಗಿಸಿದರೆ 24. ಅಷ್ಟೇ, ಕಿರಾಣಿ ಅಂಗಡಿಯ ಲೆಕ್ಕದಷ್ಟು ಸರಳ.

ಆದರೆ ಅದು ಬಿಡಿಸಿ ಹೇಳುವವರ ಕುತ್ತಿಗೆಗೆ ಬಂತು. 24 ಸೆಕೆಂಡಿನಲ್ಲಿ ಚೆಂಡು ಬುಟ್ಟಿಗೆ ಹೋಗುತ್ತದೆ ಅಥವಾ ತಪ್ಪುತ್ತದೆ. ಕೂಡಲೇ ಎದುರಿನವರು ಆ ಕಡೆ ಓಡುತ್ತಾರೆ. ಮತ್ತೆ ಹೊಸ ಆಟ ಶುರು. ಈ ನಡುವೆ ಮಾಜಿ ಆಟಗಾರನಿಗೆ ಸಿಗುವುದು ಏಳೆಂಟು ಸೆಕೆಂಡು, ಜಾಸ್ತಿ ಅಂದರೆ ಹತ್ತು. ಅಷ್ಟರಲ್ಲಿ ಕಂಡಿದ್ದನ್ನು ಹೇಳಿ, ವಾಕ್ಯ ಮುಗಿಸಿ, ಪಕ್ಕದವರಿಗೆ ಮಾತು ಬಿಟ್ಟುಕೊಡಬೇಕು. ಇದರ ಜೊತೆಗೆ ಕಿವಿಯಲ್ಲೊಂದು ಸಣ್ಣ ಸ್ಪೀಕರ್. ಅದರಲ್ಲಿ ಪ್ರೊಡ್ಯೂಸರ್ ಮಾತಾಡುತ್ತಿರುತ್ತಾರೆ: ಮುಂದೆ ಈ ರೀಪ್ಲೇ ಬರುತ್ತದೆ, ಜಾಹೀರಾತಿಗೆ ಇನ್ನು ಐದು ಸೆಕೆಂಡು, ನಾಲ್ಕು, ಮೂರು. ನಿಮ್ಮ ಬಾಯಿ ಒಂದು ಹೇಳುತ್ತಿರಬೇಕು, ಕಿವಿ ಇನ್ನೊಂದು ಕೇಳುತ್ತಿರಬೇಕು, ಕಣ್ಣು ಮೂರನೆಯದನ್ನು ನೋಡುತ್ತಿರಬೇಕು. ಮದುವೆ ಮನೆಯಲ್ಲಿ ಬಡಿಸುತ್ತಾ, ಫೋನಿನಲ್ಲಿ ಮಾತಾಡುತ್ತಾ, ಯಾರ ಎಲೆ ಖಾಲಿ ಅಂತ ನೋಡುವವರಿಗೆ ಮಾತ್ರ ಈ ಕಷ್ಟ ಅರ್ಥವಾದೀತು.

ಇನ್ನು ಹೇಳುವುದು ಏನನ್ನು? ಮಾಮನ ಪ್ರಶ್ನೆಯ ಅಸಲಿ ಭಾಗ ಇದು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ನಮ್ಮ ಕಣ್ಣೂ ಅದರ ಹಿಂದೆಯೇ. ಅಂಕಣದಲ್ಲಿ ಹತ್ತು ಜನ ಇರುತ್ತಾರೆ, ಚೆಂಡು ಒಬ್ಬರ ಕೈಲಿ. ಉಳಿದ ಒಂಬತ್ತು ಜನ ಏನು ಮಾಡುತ್ತಿದ್ದಾರೆ ಅನ್ನುವುದರ ಮೇಲೆ ಆ ಒಬ್ಬನ ಆಟ ನಿಂತಿರುತ್ತದೆ. ಚೆಂಡಿನಿಂದ ಕಣ್ಣು ಕಿತ್ತು ಆ ಒಂಬತ್ತು ಜನರ ಕಡೆ ನೋಡುವುದೇ ಇವರ ಕೆಲಸ. ಸಂಬಳ ಕೊಡುವುದೂ ಅದಕ್ಕೇ.

ಒಂದೇ ಒಂದು ಉದಾಹರಣೆ ಸಾಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ದಿನಾ ಕೇಳುವ ಪದ 'ಪಿಕ್ ಅಂಡ್ ರೋಲ್'. ಅದನ್ನು ಮಾಮನಿಗೆ ಹೇಳಿದ್ದು ಹೀಗೆ.

"ಮಾಮ, ನೀವು ಕೌಲ್ ಬಜಾರ್‌ನಾಗೆ ಒಬ್ಬನ ಬೆನ್ನು ಹತ್ತಿ ಓಡಾಕ ಹತ್ತೀರಿ ಅಂದ್ಕೊಳ್ರಿ. ಇನ್ನೇನು ಕೈಗೆ ಸಿಗಬೇಕು, ನಡುವೆ ಒಂದು ತಳ್ಳುಗಾಡಿ ಬಂತು. ಏನ್ ಮಾಡ್ತೀರಿ?"

"ಸುತ್ತು ಹೊಡದು ಹೋಗ್ತೀನಿ."

"ಅಷ್ಟರಾಗೆ ಅವನು ಎರಡು ಅಂಗಡಿ ದಾಟಿರ್ತಾನ."

"ಹೌದು ಮತ್ತ."

ಅಷ್ಟೇ ಆಟ. ಚೆಂಡು ಹಿಡಿದ ಚಿಕ್ಕ ಆಳು ಓಡುತ್ತಾನೆ. ಅವನನ್ನು ಕಾಯುವವನು ಬೆನ್ನಿಗೇ ಇರುತ್ತಾನೆ. ಆಗ ಅವನ ತಂಡದ ಎತ್ತರದ ಆಟಗಾರನೊಬ್ಬ ಬಂದು ದಾರಿಯಲ್ಲಿ ಕಂಬದ ಹಾಗೆ ನಿಲ್ಲುತ್ತಾನೆ. ಅದು ಪಿಕ್, ನಮ್ಮ ತಳ್ಳುಗಾಡಿ. ಕಾಯುವವನು ಅದಕ್ಕೆ ಸಿಕ್ಕಿಕೊಂಡ. ಆದರೆ ಈ ತಳ್ಳುಗಾಡಿ ಅಲ್ಲೇ ನಿಂತಿರುವುದಿಲ್ಲ. ಒಂದು ಕ್ಷಣ ನಿಂತು, ತಿರುಗಿ, ಬುಟ್ಟಿಯತ್ತ ಓಡುತ್ತದೆ. ಅದು ರೋಲ್. ಈಗ ಆ ಎತ್ತರದವನನ್ನು ಕಾಯುತ್ತಿದ್ದ ಇನ್ನೊಬ್ಬ ಎತ್ತರದವನಿಗೆ ಇಕ್ಕಟ್ಟು. ಎದುರಿಗೆ ಚೆಂಡು ಹಿಡಿದವನು ಬರುತ್ತಿದ್ದಾನೆ, ಪಕ್ಕದಲ್ಲಿ ತನ್ನವನು ಬುಟ್ಟಿಯ ಕಡೆ ಜಾರುತ್ತಿದ್ದಾನೆ. ಯಾರನ್ನು ಹಿಡಿಯಬೇಕು?

ಅವನ ಮುಂದೆ ಕೆಲವು ದಾರಿ ಇವೆ. ಹಿಂದೆ ಸರಿದು ಬುಟ್ಟಿಯ ಹತ್ತಿರ ನಿಲ್ಲಬಹುದು. ಆಗ ಬುಟ್ಟಿ ಸುರಕ್ಷಿತ, ಆದರೆ ಚೆಂಡು ಹಿಡಿದವನಿಗೆ ದೂರದಿಂದ ಆರಾಮಾಗಿ ಹಾಕಲು ಜಾಗ ಬಿಟ್ಟಂತಾಯಿತು. ಇಲ್ಲವೇ ಜೊತೆಗಾರನೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು, ನೀನು ನನ್ನವನನ್ನು ಹಿಡಿ, ನಾನು ನಿನ್ನವನನ್ನು ಹಿಡಿಯುತ್ತೇನೆ ಅಂತ. ಇದಕ್ಕೆ ಸ್ವಿಚ್ ಅನ್ನುತ್ತಾರೆ. ಆದರೆ ಈಗ ಏಳಡಿಯ ಆನೆ ಒಂದು ಜಿಂಕೆಯನ್ನು ಅಟ್ಟಬೇಕು, ಆ ಕಡೆ ಚಿಕ್ಕವನೊಬ್ಬ ಏಳಡಿಯವನನ್ನು ತಡೆಯಬೇಕು. ಇಬ್ಬರೂ ಸೇರಿ ಚೆಂಡಿನವನ ಮೇಲೆ ಮುಗಿಬೀಳಬಹುದು. ಆಗ ಎಲ್ಲೋ ಒಬ್ಬ ಖಾಲಿ ಬಿದ್ದಿರುತ್ತಾನೆ. ಯಾವುದನ್ನು ಮಾಡಿದರೂ ಒಂದು ಕಡೆ ತೂತು. ಎಲ್ಲಿ ತೂತು ಬಿದ್ದರೆ ನಷ್ಟ ಕಡಿಮೆ ಅಂತ ತೀರ್ಮಾನಿಸುವುದೇ ಕೋಚ್ ಕೆಲಸ. ಈ ತಂಡ ಇವತ್ತು ಯಾವ ತೂತನ್ನು ಆರಿಸಿಕೊಂಡಿದೆ ಅಂತ ನಮಗೆ ತೋರಿಸುವುದು ಟಿವಿಯಲ್ಲಿ ಕೂತವರ ಕೆಲಸ. ಕೊನೆಗೆ ಚೆಂಡು ಬುಟ್ಟಿಗೆ ಬಿದ್ದಾಗ ನಮಗೆ ಕಾಣುವುದು ಹಾಕಿದವನು. ಅವರಿಗೆ ಕಾಣುವುದು ಮೂರು ಸೆಕೆಂಡು ಮುಂಚೆ ಅರ್ಧ ಹೆಜ್ಜೆ ತಡವಾಗಿ ಸರಿದ ಇನ್ನೊಬ್ಬ.

ಟಿವಿಯ ಮೇಲೆ ಗೆರೆ ಎಳೆದು, ಸುತ್ತು ಹಾಕಿ ತೋರಿಸುತ್ತಾರಲ್ಲ, ಆ ಯಂತ್ರದ ಹೆಸರು ಟೆಲಿಸ್ಟ್ರೇಟರ್. ಮಾಡಿದ್ದು ಲೆನಾರ್ಡ್ ರೈಫಲ್ ಅನ್ನುವ ಭೌತವಿಜ್ಞಾನಿ. ಅಮೆರಿಕನ್ ಫುಟ್‌ಬಾಲ್‌ನ ಮಾಜಿ ಕೋಚ್ ಜಾನ್ ಮ್ಯಾಡನ್ ಅದನ್ನು ಮನೆಮಾತು ಮಾಡಿದರು. ಕೆನ್ನಿ ಸ್ಮಿತ್ ಸ್ಟುಡಿಯೋದಲ್ಲಿ ಎದ್ದು ದೊಡ್ಡ ಪರದೆಯ ಕಡೆ ಓಡಿಹೋಗಿ ಅಲ್ಲಿ ನಿಂತು ವಿವರಿಸುತ್ತಾರೆ. ಆ ಓಟವೇ ಈಗ ಒಂದು ತಮಾಷೆಯ ಭಾಗವಾಗಿದೆ.

ಆಡಿದವರಿಗೆ ಇದೆಲ್ಲ ಗೊತ್ತಿರುತ್ತದೆ, ಹೇಳುವುದೇನು ಮಹಾ ಅಂತ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಕಾಲೇಜಿನಲ್ಲಿ ನಾನು ಎರಡು ವರ್ಷ ಆಡಿದ್ದೆ. ಸಿಮೆಂಟ್ ಅಂಕಣ, ಮಧ್ಯಾಹ್ನ ಬರಿಗಾಲಿಟ್ಟರೆ ಹಂಚಿನ ಮೇಲೆ ಇಟ್ಟಂಗೆ. ಆಟ ಬಿಟ್ಟ ಮೇಲೆ ಒಂದು ಸಲ ಪಂದ್ಯ ನೋಡಲು ಹೋಗಿದ್ದೆ. ಮೈಕಿನವರು ಬಂದಿರಲಿಲ್ಲ. ನೀನೇ ಹೇಳು ಅಂತ ಮೈಕು ನನ್ನ ಕೈಗೆ ಕೊಟ್ಟರು. ಭಾರಿ ಹುರುಪಿನಲ್ಲಿ ಶುರು ಮಾಡಿದೆ. "ಬಾಲ್ ಬಂತು... ಪಾಸ್ ಕೊಟ್ಟ... ಮತ್ತೆ ಪಾಸ್... ಹಾಕಿದ... ಅಯ್ಯೋ ಹೋಯ್ತು!" ಐದು ನಿಮಿಷ ಇದೇ. ಕಟ್ಟೆಯ ಮೇಲೆ ಶೇಂಗಾ ತಿನ್ನುತ್ತಾ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ ಅಂದರು, "ಅದು ನಮಗೂ ಕಾಣಸ್ತದಪ್ಪ."

ಮುಖ ಕೆಂಪಾಯಿತು. ಆದರೆ ಅವರು ಹೇಳಿದ್ದು ಸರಿ. ಎಡಗಡೆಯ ಹುಡುಗ ಸುಸ್ತಾಗಿದ್ದಾನೆ, ಅದಕ್ಕೇ ಎದುರಾಳಿಗಳು ಪದೇ ಪದೇ ಆ ಕಡೆಯಿಂದಲೇ ನುಗ್ಗುತ್ತಿದ್ದಾರೆ ಅನ್ನುವುದು ನನಗೆ ಕಂಡಿತ್ತು. ನಾನೇ ಒಳಗೆ ಆಡುತ್ತಿದ್ದರೆ ಯೋಚಿಸದೆ ಆ ಕಡೆ ಸರಿದು ನಿಲ್ಲುತ್ತಿದ್ದೆ. ಕಾಲಿಗೆ ಗೊತ್ತು, ಬಾಯಿಗೆ ಬರಲಿಲ್ಲ.

ಮಾಮನಿಗೆ ಈ ಮಾತು ತಟ್ಟನೆ ಹಿಡಿಯಿತು. ಅವರದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಬಳ್ಳಾರಿಯಲ್ಲಿ ಇಂಥವು ಬೇಕಾದಷ್ಟಿವೆ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಆಳು ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಥಾನುಗಟ್ಟಲೆ ಒಂದರ ಮೇಲೊಂದು ಹಾಸಿ, ಎಲ್ಲಿ ಯಾವ ತುಂಡು ಇಟ್ಟರೆ ಬಟ್ಟೆ ಕಡಿಮೆ ಹಾಳಾಗುತ್ತದೆ ಅಂತ ನೋಡಿ ಕತ್ತರಿಸುವವರು. "ನಮ್ಮ ಮಾಸ್ಟರ್ ಅದಾನಲ, ಅವನ ಕೈ ಬಂಗಾರ. ಹೊಸ ಹುಡುಗರಿಗೆ ಕಲಿಸೋ ಅಂದ್ರ 'ಹಿಂಗ ಇಡು, ಹಿಂಗ ಕತ್ತರಿಸು, ಅಷ್ಟ' ಅಂತಾನ. ಅಷ್ಟ ಅಂದ್ರ ಎಷ್ಟು ಅಂತ ಹುಡುಗ ನನ್ನ ಕೇಳತಾನ," ಅಂದರು ಮಾಮ. ದೊಡ್ಡ ಆಟಗಾರರಲ್ಲಿ ಬಹಳ ಜನ ಈ ಮಾಸ್ಟರ್ ಥರವೇ. ಮೈಕು ಕೊಟ್ಟರೆ, ಮನಸಿಟ್ಟು ಆಡಬೇಕು, ಛಲ ಇರಬೇಕು ಅಂತಷ್ಟೇ ಹೇಳುತ್ತಾರೆ. ಅಷ್ಟು ನಮಗೂ ಗೊತ್ತು.

ಮಾತು ಕಲಿಯಬೇಕಾದ ವಿದ್ಯೆ ಅನ್ನುವುದಕ್ಕೆ ಬಿಲ್ ವಾಲ್ಟನ್ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅವರ ಕಾಲೇಜು ತಂಡ ಸತತ 88 ಪಂದ್ಯ ಗೆದ್ದಿತ್ತು, ಅದರಲ್ಲಿ ಬಹುಪಾಲು ಗೆಲುವು ಅವರಿದ್ದಾಗ ಬಂದಿದ್ದು. 1977ರಲ್ಲಿ ಪೋರ್ಟ್‌ಲ್ಯಾಂಡ್‌ ತಂಡಕ್ಕೆ ಎನ್‌ಬಿಎ ಚಾಂಪಿಯನ್‌ಶಿಪ್ ಕಪ್ ತಂದುಕೊಟ್ಟರು. ಮರುವರ್ಷ ಲೀಗಿನ ಅತ್ಯುತ್ತಮ ಆಟಗಾರ. ಆಮೇಲೆ ಪಾದದ ಮೂಳೆಗಳು ಕೈಕೊಟ್ಟವು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆದವು. ಇದೆಲ್ಲದರ ನಡುವೆ ಇನ್ನೊಂದು ತೊಂದರೆ ಇತ್ತು. ಅವರಿಗೆ ಉಗ್ಗು. ಚಿಕ್ಕಂದಿನಿಂದಲೂ ಮಾತು ತೊದಲುತ್ತಿತ್ತು. ಪತ್ರಕರ್ತರನ್ನು ಕಂಡರೆ ತಪ್ಪಿಸಿಕೊಳ್ಳುತ್ತಿದ್ದರು.

28ನೇ ವಯಸ್ಸಿನಲ್ಲಿ ಅವರಿಗೆ ಮಾರ್ಟಿ ಗ್ಲಿಕ್‌ಮನ್ ಸಿಕ್ಕರು. ಗ್ಲಿಕ್‌ಮನ್ ಕೂಡ ಹಳೇ ಕ್ರೀಡಾಪಟುವೇ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಓಟಗಾರನಾಗಿ ಹೋಗಿದ್ದವರು. ಯಹೂದಿ ಆಗಿದ್ದ ಅವರನ್ನು ಕೊನೇ ಗಳಿಗೆಯಲ್ಲಿ ರಿಲೇ ತಂಡದಿಂದ ಕೈಬಿಟ್ಟರು. ಓಡುವ ಅವಕಾಶವೇ ಸಿಗಲಿಲ್ಲ. ಆಮೇಲೆ ನ್ಯೂಯಾರ್ಕ್‌ನಲ್ಲಿ ರೇಡಿಯೋಗೆ ಬಂದರು. ರೇಡಿಯೋದಲ್ಲಿ ಬ್ಯಾಸ್ಕೆಟ್‌ಬಾಲ್ ಹೇಳುವ ಭಾಷೆಯನ್ನೇ ಕಟ್ಟಿದವರಲ್ಲಿ ಅವರ ಹೆಸರು ಮುಂದೆ ಬರುತ್ತದೆ. ರಿಂಗಿಗೆ ತಾಗದೆ ಚೆಂಡು ಬಲೆಯೊಳಗೆ ಇಳಿದಾಗ 'ಸ್ವಿಶ್' ಅನ್ನುತ್ತಾರಲ್ಲ, ಆ ಪದವನ್ನು ಬಳಕೆಗೆ ತಂದವರು ಅವರು ಅಂತ ಹೇಳುತ್ತಾರೆ. ಬಲೆಯ ಸದ್ದೇ ಪದವಾಯಿತು. ನಮ್ಮ ಕಾಲೇಜಿನ ರಿಂಗಿಗೆ ಬಲೆಯೇ ಇರಲಿಲ್ಲ, ಸ್ವಿಶ್ ಎಲ್ಲಿಂದ ಬರಬೇಕು? ಚೆಂಡು ಒಳಗಿಂದ ಬಂತೋ ಹೊರಗಿಂದ ಬಂತೋ ಅಂತ ಪ್ರತಿ ಸಲ ಜಗಳ.

ಗ್ಲಿಕ್‌ಮನ್ ವಾಲ್ಟನ್‌ಗೆ ಹೇಳಿಕೊಟ್ಟಿದ್ದು ಮಂತ್ರವೇನಲ್ಲ. ಮನಸ್ಸಿನ ಓಟ ನಿಧಾನ ಮಾಡು. ದವಡೆ ಗಟ್ಟಿಯಾಗಲು ಚ್ಯೂಯಿಂಗ್ ಗಮ್ ಅಗಿ. ಪುಸ್ತಕ ಜೋರಾಗಿ ಓದು. ಬುಟ್ಟಿಗೆ ಎಸೆಯುವುದನ್ನು ಅಭ್ಯಾಸ ಮಾಡಿದ ಹಾಗೆಯೇ ಮಾತನ್ನೂ ಅಭ್ಯಾಸ ಮಾಡು. ವಾಲ್ಟನ್ ಮಾಡಿದರು. ಆಮೇಲೆ ಆದದ್ದು ನಗು ತರಿಸುವಂಥದ್ದು. ಟಿವಿಯಲ್ಲಿ ಕೂತ ಆ ಮನುಷ್ಯ ಸುಮ್ಮನಾಗುವುದನ್ನೇ ಮರೆತರು! ಆಟದ ನಡುವೆ ಜ್ವಾಲಾಮುಖಿ, ನದಿ, ಸಂಗೀತ, ಸೈಕಲ್ಲು, ಯಾವುದರ ಬಗ್ಗೆ ಬೇಕಾದರೂ ಮಾತಾಡುತ್ತಿದ್ದರು. ಕೆಲವರಿಗೆ ಅದು ಹುಚ್ಚು ಹಿಡಿಸಿತು, ಕೆಲವರಿಗೆ ತಲೆನೋವು ಬರಿಸಿತು. ನಾನು ಮೊದಲನೇ ಗುಂಪು. 2024ರ ಮೇ ತಿಂಗಳಲ್ಲಿ, 71ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈಗ ಇನ್ನೊಂದು ಮುಖ. ಹಳೇ ಆಟಗಾರ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಅವರ ಅನುಭವಕ್ಕೆ ಒಂದು ತಾರೀಖು ಇರುತ್ತದೆ. ಅವರು ಆಡಿದ ಕಾಲದ ಆಟ ಅವರ ತಲೆಯಲ್ಲಿ ಹಾಗೇ ನಿಂತಿರುತ್ತದೆ, ಹೊರಗೆ ಆಟ ಬದಲಾಗಿರುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಬದಲಾವಣೆ ಮೂರು ಅಂಕದ ಗೆರೆಯಿಂದ ಬಂತು. ಎನ್‌ಬಿಎ ಆ ಗೆರೆ ಎಳೆದಿದ್ದು 1979ರಲ್ಲಿ. ಬುಟ್ಟಿಯ ನೇರ ಎದುರಿಗೆ 7.24 ಮೀಟರ್ ದೂರ. ಅದರ ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಅಂಕ. ಮೊದಲ ಸೀಸನ್ನಿನಲ್ಲಿ ಒಂದು ತಂಡ ಒಂದು ಪಂದ್ಯದಲ್ಲಿ ಸರಾಸರಿ ಮೂರು ಸಲವೂ ಅಲ್ಲಿಂದ ಹಾಕುತ್ತಿರಲಿಲ್ಲ. ಈಗ 35ಕ್ಕೂ ಹೆಚ್ಚು ಸಲ ಹಾಕುತ್ತವೆ.

ಯಾಕೆ ಅಂತ ತಿಳಿಯಲು ಬೆರಳು ಮಡಚಿದರೆ ಸಾಕು. ಹತ್ತಿರದಿಂದ 100 ಸಲ ಎಸೆದು 50 ಹಾಕಿದರೆ 100 ಅಂಕ. ದೂರದಿಂದ 100 ಸಲ ಎಸೆದು ಬರೀ 35 ಹಾಕಿದರೂ 105 ಅಂಕ. ಜಾಸ್ತಿ ಸಲ ತಪ್ಪಿದವನೇ ಮುಂದೆ ಹೋದ! ಇದು ಹಳಬರ ಗಂಟಲಲ್ಲಿ ಇಳಿಯುವ ಮಾತಲ್ಲ. ಬುಟ್ಟಿಯ ಕೆಳಗೆ ಮೈಗೆ ಮೈ ತಾಗಿಸಿ, ಗುದ್ದಾಡಿ ಅಂಕ ಗಳಿಸಿದವರು ಅವರು. ಬಾರ್ಕ್ಲಿ ಲೆಕ್ಕಾಚಾರದವರನ್ನು ಬಹಿರಂಗವಾಗಿಯೇ ಬೈದಿದ್ದಾರೆ. ದೂರದಿಂದ ಹಾಕುವುದನ್ನೇ ನಂಬಿದ ತಂಡ ಕಪ್ ಗೆಲ್ಲುವುದಿಲ್ಲ ಅಂತ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಗ್ಗೆ ಪದೇ ಪದೇ ಹೇಳಿದರು. 2015ರಲ್ಲಿ ವಾರಿಯರ್ಸ್ ಗೆದ್ದರು. 2017ರಲ್ಲಿ ಗೆದ್ದರು. 2018ರಲ್ಲಿ, 2022ರಲ್ಲಿ ಮತ್ತೆ ಗೆದ್ದರು. ಬಾರ್ಕ್ಲಿಯ ಕುರ್ಚಿ ಮಾತ್ರ ಅಲುಗಲಿಲ್ಲ. ಭವಿಷ್ಯ ಹೇಳುವುದಕ್ಕೆ ಅವರನ್ನು ಕೂರಿಸಿದ್ದಲ್ಲ ಅನ್ನುವುದು ಅಲ್ಲಿಗೆ ಗೊತ್ತಾಯಿತಲ್ಲ. ತಪ್ಪಾದರೂ ಮುಲಾಜಿಲ್ಲದೆ ಹೇಳುತ್ತಾರೆ, ಆಮೇಲೆ ತಮ್ಮನ್ನು ಗೇಲಿ ಮಾಡಲೂ ಬಿಡುತ್ತಾರೆ. ಜನ ನೋಡುವುದು ಅದಕ್ಕೆ. ಟಿವಿಗೆ ಆಟದ ಪಾಠವೂ ಬೇಕು, ಕಟ್ಟೆಯ ಹರಟೆಯೂ ಬೇಕು. ಎರಡೂ ಒಬ್ಬರಲ್ಲೇ ಸಿಗುವುದು ಅಪರೂಪ.

ಈ ಹಳತು ಹೊಸತು ಒಂದೇ ಮೇಜಿನ ಮೇಲೆ ಮುಖಾಮುಖಿಯಾದದ್ದು ಕ್ಯಾಂಡೇಸ್ ಪಾರ್ಕರ್ ಬಂದಾಗ. ಅಮೆರಿಕದ ಮಹಿಳಾ ಲೀಗಿನಲ್ಲಿ ಎರಡು ಸಲ ಅತ್ಯುತ್ತಮ ಆಟಗಾರ್ತಿ ಆದವರು. ಆಗ ಅವರಿನ್ನೂ ಆಡುತ್ತಿದ್ದರು, ಜೊತೆಗೆ ಟಿವಿಯಲ್ಲೂ ಕೂರುತ್ತಿದ್ದರು. ಮಾತು ಅದೇ ಪಿಕ್ ಅಂಡ್ ರೋಲ್ ಮೇಲೆ ಬಂತು. ಅದಲುಬದಲು ಯಾಕೆ ಬೇಕು ಅನ್ನುವುದು ಓನೀಲ್ ವಾದ. ಅವರ ಕಾಲದಲ್ಲಿ ಎತ್ತರದವರು ಬುಟ್ಟಿ ಬಿಟ್ಟು ಆಚೆ ಬರುವ ಅಗತ್ಯ ಅಷ್ಟಾಗಿ ಇರಲಿಲ್ಲ. ಪಾರ್ಕರ್ ದನಿ ಏರಿಸಲಿಲ್ಲ. ಈಗಿನವರು ಪಿಕ್ ಸಿಕ್ಕ ಕೂಡಲೇ ಅಲ್ಲಿಂದಲೇ ಮೂರು ಅಂಕ ಹಾಕುತ್ತಾರೆ, ಎತ್ತರದವರು ಹಿಂದೆಯೇ ನಿಂತರೆ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ, ಅದಕ್ಕೇ ಆಚೆ ಬರಬೇಕು ಅಂತ ಬಿಡಿಸಿ ಹೇಳಿದರು. ನಾಲ್ಕು ಕಪ್ ಗೆದ್ದವರ ಎದುರಿಗೆ. ನನಗೆ ಕೇಳಿದರೆ, ಈ ವೃತ್ತಿ ಏನು ಅಂತ ತೋರಿಸಲು ಆ ಒಂದು ತುಣುಕು ಸಾಕು. ಯಾರು ದೊಡ್ಡವರು ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಯಾರಿಗೆ ಈಗಿನ ಆಟ ಕಾಣುತ್ತಿದೆ ಅನ್ನುವುದು ಬಂತು.

ಎನ್‌ಬಿಎ ಆಡಿದವರಿಗೇ ಕಾಣುತ್ತದೆ ಅಂತಲೂ ಇಲ್ಲ. ಡೋರಿಸ್ ಬರ್ಕ್ ಕಾಲೇಜು ಮಟ್ಟದಲ್ಲಿ ಆಡಿದವರು. 2024ರಲ್ಲಿ ಎನ್‌ಬಿಎ ಫೈನಲ್ಸ್‌ನಲ್ಲಿ ಆ ಕಷ್ಟದ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ ಅವರು.

ಕೆಲವರು ಈ ಕುರ್ಚಿಯಿಂದ ಎದ್ದು ವಾಪಸ್ ಅಂಕಣಕ್ಕೇ ಹೋಗುತ್ತಾರೆ. ಸ್ಟೀವ್ ಕರ್ ಟಿವಿಯಲ್ಲಿ ಪಂದ್ಯ ವಿವರಿಸುತ್ತಿದ್ದವರು. ಎಲ್ಲೂ ಕೋಚ್ ಆಗಿ ಕೆಲಸ ಮಾಡಿರಲಿಲ್ಲ. 2014ರಲ್ಲಿ ಸೀದಾ ವಾರಿಯರ್ಸ್ ಕೋಚ್ ಆದರು. ಮೇಲೆ ಹೇಳಿದ ಆ ನಾಲ್ಕೂ ಕಪ್ ಅವರ ಕೈಕೆಳಗೆ ಬಂದವು. ಜೆ.ಜೆ. ರೆಡಿಕ್ 2021ರಲ್ಲಿ ಆಟ ಬಿಟ್ಟು ಟಿವಿಗೆ ಬಂದರು, 2024ರಲ್ಲಿ ಲೇಕರ್ಸ್ ಕೋಚ್. ಇಡೀ ದೇಶದ ಎದುರಿಗೆ ದಿನಾ ಆಟ ಬಿಡಿಸಿ ಹೇಳುವುದು ಒಂದು ಥರದ ಸಂದರ್ಶನವೇ. ಇದರಲ್ಲಿ ಒಂದು ಎಡವಟ್ಟೂ ಇದೆ. ನಾಳೆ ಕೆಲಸ ಕೊಡಬಹುದಾದ ತಂಡವನ್ನು ಇವತ್ತು ಬೈಯಲು ನಾಲಿಗೆ ಸ್ವಲ್ಪ ತಡವರಿಸುತ್ತದೆ. ಜೊತೆಗೆ ಆಡಿದ ಗೆಳೆಯನ ತಪ್ಪು ಹೇಳುವಾಗಲೂ ಅಷ್ಟೇ. ನೋಡುವವರು ಇದನ್ನು ತಲೆಯಲ್ಲಿ ಇಟ್ಟುಕೊಂಡು ನೋಡಬೇಕು.

ಈ ಮಾತೆಲ್ಲ ಒಂದೇ ಬೆಳಿಗ್ಗೆ ಆಗಲಿಲ್ಲ. ಮಾಮನಿಗೆ ಘಟಕಕ್ಕೆ ಹೋಗಬೇಕಿತ್ತು. ಆದರೆ ಮರುದಿನವೂ ಬಂದು ಕೂತರು. ಅದರ ಮರುದಿನ ಮಂಡಕ್ಕಿ ಒಗ್ಗರಣಿ ಕಟ್ಟಿಸಿಕೊಂಡು ಬಂದರು. ಇಂಗ್ಲಿಷ್ ಅವರಿಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಹೇಳುವಾಗ ಪದಗಳಿಗೆ ಬಹಳ ಪರದಾಡಿದೆ. ನಮ್ಮ ಹಳ್ಳಿಗಳ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಮೈಕು ಹಿಡಿದ ಹುಡುಗರು ಎಷ್ಟು ಸಲೀಸಾಗಿ ಕನ್ನಡ ಹರಿಸುತ್ತಾರೆ. ಕಬಡ್ಡಿಗೆ ಪದಗಳಿವೆ, ಕುಸ್ತಿಗೆ ಇವೆ. ಬ್ಯಾಸ್ಕೆಟ್‌ಬಾಲ್‌ಗೆ ಬಂದರೆ ಪಿಕ್, ಸ್ವಿಚ್, ರೋಲ್ ಅಂತ ಇಂಗ್ಲಿಷೇ ಬಾಯಿಗೆ ಬರುತ್ತದೆ.

ನಾಲ್ಕನೇ ದಿನವೋ ಐದನೇ ದಿನವೋ, ಪಂದ್ಯ ಕೊನೆಯ ಎರಡು ನಿಮಿಷಕ್ಕೆ ಬಂದಿತ್ತು. ಚಿಕ್ಕ ಆಳೊಬ್ಬ ಚೆಂಡು ಬಡಿಯುತ್ತಾ ನಿಂತಿದ್ದ. ನಾನು ಅವನನ್ನೇ ನೋಡುತ್ತಿದ್ದೆ. ಮಾಮ ಮಂಡಕ್ಕಿ ತುಂಬಿದ ಬಾಯಲ್ಲೇ ಪರದೆಯ ಇನ್ನೊಂದು ಮೂಲೆಗೆ ಬೆರಳು ಮಾಡಿದರು.

"ಅಲ್ಲಿ ನೋಡಲೇ, ಅಲ್ಲಿ! ತಳ್ಳುಗಾಡಿ ಹೊಂಟತಿ."